ಕಲ್ಲು ಕಂಡವರು, ಸದ್ದು ಕೇಳಿದವನು

ಜೋಗಕ್ಕೆ ಯಾವಾಗ ಹೋಗಬೇಕೆಂದು ಹತ್ತು ಜನರನ್ನು ಕೇಳಿ, ಶ್ರಾವಣದಲ್ಲೇ ಹೋದೆ. ವಾಪಸು ಬರುವಾಗ ಜೇವರ್ಗಿ ಬಸ್ ನಿಲ್ದಾಣದಲ್ಲಿ, ಪಕ್ಕ ಕುಳಿತಿದ್ದ ಅಂದೋಲಾದ ಶರಣಮ್ಮನವರಿಗೆ ಅದನ್ನು ಹೇಳಿದೆ.

"ನಾನೂ ಹೋಗಿದ್ದೆರಿ, ಬ್ಯಾಸಗ್ಯಾಗ. ಬರೇ ಕಲ್ಲು ನೋಡಿ ಬಂದೆ. ನೀರಿದ್ದಾಗ ತೊಗರಿ ಹೊಲದಾಗ ಕಸ ತೆಗಿಯೋದಿರ್ತದ, ಪುರಸತ್ತು ಎಲ್ಲದರಿ? ನೀವು ನೀರು ನೋಡಿದ್ರಿಲ್ಲ?"

ನೋಡಿರಲಿಲ್ಲ. ಎರಡು ದಿನ ಕಾದರೂ ಮಂಜು ಸರಿಯಲಿಲ್ಲ, ಭೋರ್ಗರೆತವಷ್ಟೇ ಕೇಳಿಸಿತ್ತು. ಅದನ್ನೇ ಮೊಬೈಲಿನಲ್ಲಿ ಹಿಡಿದು ತಂದಿದ್ದೆ. ಹಾಕಿ ಕೊಟ್ಟೆ.

ಅವರು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಅಂದೋಲಾ ಬಸ್ ಬಂದು ಹೋಯಿತು, ಏಳಲಿಲ್ಲ.

"ನೀರು ಬಂತ್ರಿ," ಎಂದರು. "ಅದs ಕಲ್ಲಿನ ಮ್ಯಾಲಿಂದ ಬೀಳಾಕತ್ತದ."

ನಾನೂ ಕಣ್ಣು ಮುಚ್ಚಿದೆ. ನನಗೆ ಮಂಜೇ ಕಂಡಿತು.