ಹಸಿರು ತಿಗಣೆಯ ಮರಿ

ಮೊನ್ನೆ ಕೊತ್ತಂಬರಿ ಸೊಪ್ಪು ಬಿಡಿಸುವಾಗ ಬೆರಳಿಗೆ ಏನೋ ಸಿಕ್ಕಿ ನುರಿಯಿತು. ಹಸಿರು ತಿಗಣೆ. ಆ ಗಬ್ಬು ನಾತ ಮೂಗಿಗೆ ಬಡಿದದ್ದೇ ತಡ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರು ನೆನಪಾದರು. ಇಂಥ ನಾತದಿಂದ ನೆನಪಾದೆ ಎಂದು ತಿಳಿದಿದ್ದರೆ ಜೋರಾಗಿ ನಕ್ಕುಬಿಡುತ್ತಿದ್ದರು...

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾನು ಕುಶಾಲನಗರದ ಕಡೆಯಿಂದ ಬಾಳೆಲೆ ಎಂಬ ಈ ಊರಿಗೆ ಸೊಸೆಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ಆ ವರ್ಷ ಮಾವನವರ ತೋಟದಲ್ಲಿ ಕಿತ್ತಳೆ ಹಣ್ಣಾಗುವ ಮೊದಲೇ ಉದುರತೊಡಗಿತು. ಹುಳುಹುಪ್ಪಟೆಯ ವಿಷಯದಲ್ಲಿ ರೈಟರು ಹೇಳಿದ್ದೇ ವೇದವಾಕ್ಯ. ಬಂದವರು ಒಂದು ತಿಗಣೆ ಹಿಡಿದು ಮಗುಚಿ ತೋರಿಸಿದರು. ಗುರಾಣಿಯಂಥ ಬೆನ್ನು, ಹೆಗಲಲ್ಲಿ ಎರಡು ಮುಳ್ಳು, ಎದೆಗೆ ಮಡಚಿಟ್ಟ ಸೂಜಿಯಂಥ ಮೂತಿ.

"ಇದೇ ಕಳ್ಳ, ಗೌಡ್ರೇ. ಕಾಯಿಗೆ ಚುಚ್ಚಿ ರಸ ಹೀರ್ತದೆ. ಹಿಡಿದು ಸೀಮೆಎಣ್ಣೆಗೆ ಹಾಕ್ಸಿ. ಆ ಹಳದಿ ಚುಕ್ಕಿ ಹುಳ ಮಾತ್ರ ಮುಟ್ಬೇಡಿ. ಅದು ಬೇರೆ ಜಾತಿ, ಗಿಡದ ಹೇನು ತಿಂತದೆ."

ಹಾಗೇ ಮಾಡಿದೆವು. ಹಸಿರನ್ನು ಹಿಡಿದಷ್ಟೂ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಪಕ್ಕದ ಮರದಲ್ಲಿ ಚುಕ್ಕಿ ಹುಳವೊಂದು ಪೊರೆ ಕಳಚುತ್ತಿತ್ತು. ಒಳಗಿಂದ ಬಂದದ್ದಕ್ಕೆ ಮಾಸಲು ಬಣ್ಣ, ಬೆನ್ನ ಮೇಲೆ ರೆಕ್ಕೆ. ಮಧ್ಯಾಹ್ನ ನೋಡಿದರೆ ಅದೇ ಎಲೆಯ ಮೇಲೆ ಹಚ್ಚಹಸಿರು ತಿಗಣೆ! ಅದೇನಾ? ಅಥವಾ ಬೇರೆಯದು ಬಂದು ಕೂತಿತ್ತಾ? ತಲೆ ಕೆಟ್ಟುಹೋಯಿತು. ಮಾವನವರೆದುರು ಹೊಸ ಸೊಸೆ ಬಾಯಿ ಬಿಡುವ ರೂಢಿ ನಮ್ಮಲ್ಲಿರಲಿಲ್ಲ. ಅದೂ ರೈಟರ ಮಾತಿಗೆ ಎದುರಾಡುವುದೇ? ಗಂಡನಿಗೂ ಹೇಳಲಿಲ್ಲ.

ಮರಗಳು ಬರಿದಾದ ಮೇಲೆ ರೈಟರು ಒಂದು ಗಾಜಿನ ಬಾಟಲಿ ಹಿಡಿದು ಬಂದರು. ಅನುಮಾನ ಬಂದು ಚುಕ್ಕಿ ಹುಳವನ್ನು ಅದರಲ್ಲಿ ಸಾಕಿ ನೋಡಿದ್ದರಂತೆ. ಈಗ ಒಳಗಿದ್ದದ್ದು ಹಸಿರು ತಿಗಣೆ.

"ಇವತ್ತು ಬೆಳಿಗ್ಗೆ ಗೊತ್ತಾಯ್ತು, ಗೌಡ್ರೇ. ಅದು ಇದರದ್ದೇ ಮರಿ. ತಪ್ಪು ನಂದೇ."

"ಇನ್ನು ನಮ್ಮ ತೋಟಕ್ಕೆ ಕಾಲಿಡ್ಬೇಡಿ," ಎಂದರು ಮಾವ.

ರೈಟರಿಗೆಂದು ತಂದ ಕಾಫಿ ಲೋಟ ಹಿಡಿದು ನಾನು ಬಾಗಿಲ ಹಿಂದೆ ನಿಂತಿದ್ದೆ. ಅದನ್ನೂ ಕೊಡಲಿಲ್ಲ. ಮರುವರ್ಷ ಅವರು ಕರಿಕೆ ಕಡೆ ಕೆಲಸಕ್ಕೆ ಹೋದರಂತೆ. ಸಂಪಾಜೆ ಎಂದವರೂ ಉಂಟು...

ಈಗ ಈ ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಅಂದು ಹೆದರಿ ಸುಮ್ಮನಿದ್ದೆನೋ, ಕಂಡದ್ದು ನಿಜಕ್ಕೂ ಅರ್ಥವಾಗಿರಲಿಲ್ಲವೋ, ಇವತ್ತಿಗೂ ಬಗೆಹರಿದಿಲ್ಲ. ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ. ರೈಟರು ತೀರಿಹೋಗಿ ಎಷ್ಟು ವರ್ಷವಾಯಿತೋ, ಅದೂ ತಿಳಿಯದು. ಅವರು ಗೊತ್ತಾದ ದಿನವೇ ಬಂದು ತಪ್ಪು ಒಪ್ಪಿಕೊಂಡರು. ನಾನು ಮೊದಲ ಸಲ ಇಲ್ಲಿ ಹೇಳುತ್ತಿದ್ದೇನೆ, ಕೇಳಬೇಕಾದವರು ಇಲ್ಲದ ಮೇಲೆ.