ಅರ್ಥವಾಗದವರ ಕುರ್ಚಿ

ಸಾಂಬಾರಿನ ವಾಸನೆ ಬಂದರೆ ನನಗೆ ನೀತಿ ನೆನಪಾಗುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆ ವಿಲೆ ಪಾರ್ಲೆಯ ಶೆಟ್ಟರ ಹೋಟೆಲಿಗೆ ಕಾಲಿಟ್ಟಾಗಲೂ ಹಾಗೇ ಆಯಿತು.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನೊಂದು ಆಸ್ಪತ್ರೆಯ ನೈತಿಕ ಸಮಿತಿಯಲ್ಲಿದ್ದೆ. ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮುನ್ನ ಈ ಸಮಿತಿ ಒಪ್ಪಬೇಕು. ಡಾಕ್ಟರು, ವಕೀಲರ ನಡುವೆ ಏನೂ ತಿಳಿಯದವರೊಬ್ಬರು ಇರಬೇಕೆಂದು ನಿಯಮ. ಆ ಅರ್ಹತೆ ನನಗೆ ಧಾರಾಳವಾಗಿತ್ತು. ಸಭೆ ಊರಿನ ಇನ್ನೊಂದು ತುದಿಯ ಫೋರ್ಟಿನಲ್ಲಿ; ಇಡ್ಲಿ, ಸಾಂಬಾರ್ ಬರುವವರೆಗೆ ಅಧ್ಯಕ್ಷರು ಕಡತ ತೆರೆಯುತ್ತಿರಲಿಲ್ಲ.

ಎರಡು ವರ್ಷಗಳ ಹಿಂದೆ ಟ್ರಾನ್ಸ್‌ಜೆಂಡರ್ ಯುವಜನರ ಹಾರ್ಮೋನ್ ಚಿಕಿತ್ಸೆಯ ಅಧ್ಯಯನವೊಂದು ಬಂತು. ಅರ್ಧ ಜನರಿಗೆ ಈಗಲೇ ಔಷಧಿ, ಉಳಿದವರಿಗೆ ಒಂದು ವರ್ಷದ ನಂತರ. ಆಮೇಲೆ ಎರಡು ಗುಂಪುಗಳನ್ನು ಹೋಲಿಸುವುದು. ಅಂಥವರೊಬ್ಬರ ಮಾತನ್ನೂ ಕೇಳೋಣ ಎಂದರು ಅಧ್ಯಕ್ಷರು. ನಾನು ಹೋಟೆಲಿನ ಶೆಟ್ಟರ ಮಗಳು ಚಾರುವನ್ನು ಕರೆದೊಯ್ದೆ. ಆಗಷ್ಟೇ ಕಾಲೇಜು ಸೇರಿದ್ದಳು. ಹುಟ್ಟಿದಾಗ ಗಂಡೆಂದು ಬರೆಸಿದ್ದರು. ತಾನು ಹೆಣ್ಣೆಂದು ಅವಳು ಚಿಕ್ಕಂದಿನಿಂದ ಹೇಳುತ್ತಲೇ ಬಂದಿದ್ದಳು.

ಒಂದು ವರ್ಷ ಕಾಯಲು ಏನು ಕಷ್ಟ ಎಂದು ಅಧ್ಯಕ್ಷರು ಹಿಂದಿಯಲ್ಲಿ ಕೇಳಿದರು. ಚಾರು ನನ್ನ ಕಡೆ ತಿರುಗಿದಳು.

"ಆಂಟಿ, ನೀವೇ ಹೇಳಿ. ನಾನು ಕಾಯ್ತೇನೆ. ಗಡ್ಡ ವೇಟ್ ಮಾಡುದಿಲ್ಲ ಅಲ್ವಾ?"

ಹಿಂದಿಯಲ್ಲಿ ಹೇಳಿದೆ. ಯಾರೋ ಚಟ್ನಿ ಕೇಳಿದರು.

ಮುಂದೆ ಎಲುಬಿಗೆ ಏನಾದೀತು, ಮಕ್ಕಳಾಗುವುದು ಹೇಗೆ, ನಾಳೆ ಮನಸ್ಸು ಬದಲಾದರೆ ಎಂಬ ಪ್ರಶ್ನೆಗಳು ಬಂದವು. ಒಂದೂ ದಡ್ಡ ಪ್ರಶ್ನೆಯಲ್ಲ; ಚಾರುವೂ ತಲೆಯಾಡಿಸಿದಳು. ಕೊನೆಗೆ, ಸಾಕಷ್ಟು ಪುರಾವೆ ಸಿಗುವವರೆಗೆ ಅಧ್ಯಯನವೇ ಬೇಡವೆಂದು ತೀರ್ಮಾನವಾಯಿತು.

"ಅಧ್ಯಯನ ಮಾಡದೆ ಪುರಾವೆ ಎಲ್ಲಿಂದ ಬರುತ್ತೆ ಸರ್? ಯಾರನ್ನೂ ಕಾಯಿಸದ ಹಾಗೆ ಯೋಜನೆ ಮತ್ತೆ ಬರೆದು ತರೋಕೆ ಅವರಿಗೆ ಹೇಳಿ" ಎಂದೆ.

ಸಾಮಾನ್ಯ ಸದಸ್ಯೆಗೆ ವಿಷಯ ಅರ್ಥವಾಗಲಿಲ್ಲ ಎಂದು ನಡಾವಳಿಯಲ್ಲಿ ದಾಖಲಾಯಿತು. ತಪ್ಪೇನಿಲ್ಲ, ಅದಕ್ಕೆಂದೇ ನನ್ನನ್ನು ಇಟ್ಟುಕೊಂಡಿದ್ದರು. ಆದರೂ ವಡಾಲ ಸ್ಟೇಷನ್ ಬರುವವರೆಗೆ ಲೋಕಲ್ ರೈಲಿನಲ್ಲಿ ಅಳು ತಡೆದುಕೊಂಡು ಕೂತಿದ್ದೆ.

ಇವತ್ತು ಹೋಟೆಲಿನ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಹಿಂದೆ, ಚಾರು ಕೂತಿದ್ದಳು. ಕೆನ್ನೆ ಮೃದುವಾಗಿದೆ, ಚೆಂದ ಕಾಣುತ್ತಾಳೆ. ಕಣ್ಣು ಕೆಳಗಿಳಿದಾಗ ನೋಡಿದೆ, ಎಡಗಾಲು ಬಾತುಕೊಂಡಿತ್ತು. ಹಾರ್ಮೋನಿನಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದೆಂದು ಆ ಕಡತದಲ್ಲಿ ಓದಿದ್ದೆ.

"ಹಾರ್ಮೋನ್ ಗುಳಿಗೆ ತಗೊಳ್ತಿದ್ದೀಯಾ? ಯಾವ ಡಾಕ್ಟರು ಕೊಟ್ಟಿದ್ದು?"

"ಇಬ್ಬರ ಹತ್ರ ಹೋಗಿದ್ದೆ ಆಂಟಿ. ಒಬ್ರು ಬೈದ್ರು. ಇನ್ನೊಬ್ರು, ಇಲ್ಲಿಯವರ ಮೇಲೆ ಸ್ಟಡಿ ಇಲ್ಲ ಅಂದ್ರು. ಈಗ ಫ್ರೆಂಡ್ ತರಿಸಿ ಕೊಡ್ತಾಳೆ."

"ಎಷ್ಟು ತಗೊಳ್ಬೇಕು, ಏನಾಗ್ತಿದೆ ಅಂತ ಯಾರು ನೋಡ್ತಾರೆ?"

"ಕನ್ನಡಿ."

ಅಂದರೆ ನಾವು ಬೇಡವೆಂದ ಪರೀಕ್ಷೆ ನಿಂತಿರಲಿಲ್ಲ. ಈ ಮಗು ಅದನ್ನು ತನ್ನ ಮೈಮೇಲೆ ಒಬ್ಬಳೇ ನಡೆಸುತ್ತಿತ್ತು. ನನಗೆ ಹೆದರಿಕೆಯಾಯಿತು. ಅವಳ ಕೈ ಹಿಡಿದು ಎಬ್ಬಿಸಿ ರಿಕ್ಷಾ ಕೂಗಿದೆ.

ಶೆಟ್ಟರು ಅಡುಗೆಮನೆಯಿಂದ ಬಂದರು. "ಎಲ್ಲಿಗೆ ಮಾರಾಯ್ರೆ, ಗಿರಾಕಿಗಳ ಹೊತ್ತಿನಲ್ಲಿ?"

"ಆಸ್ಪತ್ರೆಗೆ. ಅವಳ ಕಾಲು ನೋಡಿ."

ಶೆಟ್ಟರು ನೋಡಿದರು. ಬಿಲ್ಲು ಹಿಡಿದು ನಿಂತವರನ್ನು ಹಾಗೆಯೇ ಬಿಟ್ಟು ಗಲ್ಲೆಗೆ ಬೀಗ ಹಾಕಿದರು. ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಅವರು ರಿಕ್ಷಾದೊಳಗೆ ಕೂತು, ಮಗಳಿಗೆ ಕಾಲು ಚಾಚಲು ಜಾಗ ಮಾಡಿಕೊಡುತ್ತಿದ್ದರು.