ಗಂಟೆಗೆ ಎಟುಕಬೇಕು

ನಮ್ಮತ್ತೆ ಶಾಲೆಯಲ್ಲಿ ಗಂಟೆ ಬಾರಿಸುವವರು. ಕಸ ಗುಡಿಸುವುದು, ನೀರು ತುಂಬಿಸುವುದು, ಬಾಗಿಲು ತೆಗೆಯುವುದು ಎಲ್ಲವೂ ಅವರದೇ ಕೆಲಸ. ಆದರೆ ಯಾರಾದರೂ ಕೇಳಿದರೆ ಗಂಟೆಯದೊಂದನ್ನೇ ಹೇಳುತ್ತಾರೆ. ಮಕ್ಕಳ ಬಾಯಲ್ಲಿ ಅವರು ಗಂಟೆಯಮ್ಮ. ಮನೆಯಲ್ಲೂ ಅದೇ ಗತ್ತು, ಸೊಸೆಯಾದ ನನ್ನನ್ನು ಕೇಳಿ.

ಸ್ತನ ಕ್ಯಾನ್ಸರ್ ಎಂದು ಬಲಗಡೆ ಆಪರೇಷನ್ ಆಯಿತು. ಔಷಧಿಗೆ ಕೂದಲು ಉದುರಿದಾಗ "ಬಾಚೋ ಕೆಲಸ ತಪ್ಪಿತು ಬಿಡು" ಎಂದು ನಕ್ಕರು. ಕೂದಲಿಗೆ ಅಳದವರು ಕೈಗೆ ಅತ್ತರು. ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಗಂಟೆ ತೂಗುವುದೋ ತಲೆಗಿಂತ ಎತ್ತರದಲ್ಲಿ.

"ಎಡಗೈಯಲ್ಲಿ ಬಾರಿಸಿ ಅತ್ತೆ" ಎಂದೆ.

"ಅದು ತಟ್ಟೆ ಬಡಿದ ಹಾಗಿರುತ್ತೆ, ಸುಮ್ನಿರು."

ನೋಡಲು ಬಂದ ಹೆಡ್ ಮೇಡಂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಕೈ ಆಗ್ದಿದ್ರೆ ಕರೆಂಟ್ ಗಂಟೆ ಹಾಕಿಸೋಣ. ನೀವು ಗೇಟ್ ಹತ್ರ ಕೂತಿದ್ರೆ ಸಾಕು."

ಅತ್ತೆ ತಲೆಯಾಡಿಸಿದರು. ಮೇಡಂ ಹೋದ ಮೇಲೆ ಸಿಟ್ಟೆಲ್ಲ ನನ್ನ ಮೇಲೆ. "ಕೂತು ಸಂಬಳ ತಗೊಳ್ಳೋಕೆ ನಾನೇನು ಗೊಂಬೆನಾ?"

ಕೈ ಮೇಲೇಳಬೇಕಾದರೆ ದಿನವೂ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಿ, ಎಟುಕಿದಲ್ಲಿ ಗುರುತು ಹಾಕಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಾನು ಆಸೆಪಟ್ಟು ಬಣ್ಣ ಹೊಡೆಸಿದ ಅಡುಗೆಮನೆ ಗೋಡೆಯೇ ಬೇಕಿತ್ತು ಅವರಿಗೆ. ಇವತ್ತು ಎಟುಕಿದ್ದು ನಾಳೆ ಎಟುಕುತ್ತಿರಲಿಲ್ಲ. ಅಂಥ ದಿನ ಅಡುಗೆಗೆ ಉಪ್ಪು ಕಡಿಮೆ ಎಂದು ರೇಗುತ್ತಿದ್ದರು. ಕ್ಯಾಲೆಂಡರಿನ ಮೊಳೆ ಬೆರಳಿಗೆ ಸಿಕ್ಕಿದ ದಿನ ಮಾತ್ರ ಅದೇ ಅಡುಗೆಯನ್ನು ಎರಡು ಸಲ ಬಡಿಸಿಕೊಂಡರು.

ಮರಳಿ ಕೆಲಸಕ್ಕೆ ಹೊರಟ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ತಲೆಗೆ ವಸ್ತ್ರ ಬಿಗಿದು, ಸುತ್ತಿಗೆ ಹಿಡಿದು, ಬಲಗೈ ಎತ್ತಿದರು. ಡಣ್ ಎಂದಿತು. ನನಗೆ ಅಳು ಬಂತು. ಅವರಿಗೆ ಹುಚ್ಚು ಬಂತು ಎನ್ನಬೇಕು. ಶಾಲೆ ಶುರುವಾಗುವ ಗಂಟೆ ಗಿಡ್ಡದು, ಬಿಡದೆ ಹೊಡೆದರೆ ಮನೆಗೆ ಹೋಗುವ ಗಂಟೆ. ಅತ್ತೆ ಬಿಡಲೇ ಇಲ್ಲ. ಆಗಷ್ಟೇ ಕೂತಿದ್ದ ಮಕ್ಕಳೆಲ್ಲ ಚೀಲ ಎತ್ತಿಕೊಂಡು ಗೇಟಿನತ್ತ ಓಟ ಕಿತ್ತವು. ಹಿಂದೆ ಡ್ರಿಲ್ ಮಾಸ್ತರು.

"ಏನಮ್ಮಾ ಇದು?" ಎನ್ನುತ್ತ ಹೆಡ್ ಮೇಡಂ ಓಡಿ ಬಂದರು.

ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. "ಕೈ ನಿಲ್ಲಲಿಲ್ಲ ಮೇಡಂ."

"ಸರಿ, ವಾಪಸ್ ಕರೆಯೋಕೆ ಇನ್ನೊಮ್ಮೆ ಬಾರಿಸಿ."

"ಇವತ್ತಿನ ಶಕ್ತಿ ಮುಗೀತು. ನೀವೇ ಬಾರಿಸಿ."

ಮೇಡಂ ಸುತ್ತಿಗೆ ತೆಗೆದುಕೊಂಡು ಮೆಲ್ಲಗೆ ತಟ್ಟಿದರು.

"ಜೋರಾಗಿ ಹೊಡೀರಿ, ಅದಕ್ಕೇನೂ ನೋವಾಗಲ್ಲ" ಎಂದರು ಅತ್ತೆ, ಕೂತಲ್ಲಿಂದಲೇ.

ಮಕ್ಕಳು ಗೊಣಗುತ್ತ ಮರಳಿದ ಮೇಲೆ ಮೇಡಂ ಸುತ್ತಿಗೆಯನ್ನು ಅತ್ತೆಯ ಮಡಿಲಲ್ಲಿಟ್ಟರು.

"ನಾಳೆಯಿಂದ ನೀವೇ. ಆದ್ರೆ ನಿಲ್ಲಿಸೋದನ್ನೂ ಕಲ್ತು ಬನ್ನಿ."